ಹುಲ್ಲಿನ ಹೊರೆಯಲ್ಲಿ ಬರುವ ತುರಿಕೆ: ಕಾಂಗ್ರೆಸ್ ಗಿಡದ ಬಗ್ಗೆ ಎಚ್ಚರ



ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಬದುಗಳ ಮೇಲೆ, ರಸ್ತೆಯ ಅಂಚಿನಲ್ಲಿ, ಖಾಲಿ ನಿವೇಶನಗಳಲ್ಲಿ ಹಸಿರು ಏಳುತ್ತದೆ. ಬೇಸಿಗೆಯಿಡೀ ಒಣಮೇವು ತಿಂದ ರಾಸುಗಳಿಗೆ ನಾಲ್ಕು ಹಿಡಿ ಹಸಿರು ಹಾಕೋಣವೆಂದು ಕುಡುಗೋಲು ಹಿಡಿದು ಹೊರಡುವುದು ಸಹಜ. ಆದರೆ ಆ ಹಸಿರಿನ ನಡುವೆ ಪಾರ್ಥೇನಿಯಂ, ಅಂದರೆ ನಾವೆಲ್ಲ ಕಾಂಗ್ರೆಸ್ ಗಿಡ ಎನ್ನುವ ಕಳೆಯೂ ಇರುತ್ತದೆ. ಇದು ನಿಮ್ಮ ಚರ್ಮಕ್ಕೂ, ರಾಸಿನ ಆರೋಗ್ಯಕ್ಕೂ, ನೀವು ಸಂಘಕ್ಕೆ ಹಾಕುವ ಹಾಲಿಗೂ ಕೆಡುಕು.

ಗಿಡದ ಪರಿಚಯ

ಇದು ಅಮೆರಿಕ ಖಂಡದ ಗಿಡ. ನಮ್ಮ ದೇಶದಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಗುರುತಿಸಲಾಯಿತು. ಈಗ ಕರ್ನಾಟಕದಲ್ಲಿ ಇದು ಕಾಣದ ಊರು ಅಪರೂಪ. ಎಳೆಯ ಗಿಡ ಕ್ಯಾರೆಟ್ ಸೊಪ್ಪಿನಂತೆ ಸೀಳು ಎಲೆಗಳನ್ನು ನೆಲಕ್ಕೆ ಹರಡಿಕೊಂಡಿರುತ್ತದೆ. ಆಮೇಲೆ ಕಾಂಡ ನೆಟ್ಟಗೆ ಎದ್ದು, ತುದಿಯ ತುಂಬ ಪುಟ್ಟ ಬಿಳಿ ಹೂ ಬಿಡುತ್ತದೆ. ಮೊಳೆತ ಒಂದು ತಿಂಗಳಿಗೆಲ್ಲ ಹೂವಾಗಬಲ್ಲದು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಆ ಬೀಜ ಗಾಳಿ, ನೀರು, ಗಾಡಿಯ ಚಕ್ರ, ಗೊಬ್ಬರದ ಜೊತೆ ಊರೂರು ತಿರುಗುತ್ತದೆ.

ತುರಿಕೆ ಏಕೆ? ಯಾರಿಗೆ?

ಗಿಡದಲ್ಲಿ ಪಾರ್ಥೇನಿನ್ ಎಂಬ ವಿಷ ಪದಾರ್ಥವಿದೆ. ಎಲೆ ಮತ್ತು ಹೂವಿನ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಇದು ಹೆಚ್ಚು. ಮುಟ್ಟಿದರೆ ಮಾತ್ರವಲ್ಲ, ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಮೈಮೇಲೆ ಕುಳಿತರೂ ಚರ್ಮ ಕೆರಳುತ್ತದೆ. ಅದಕ್ಕೇ ರೆಪ್ಪೆ, ಕುತ್ತಿಗೆ, ಮೊಣಕೈಯ ಒಳಮಡಿಕೆಗಳಲ್ಲಿ ಮೊದಲು ಕೆಂಪು, ತುರಿಕೆ ಕಾಣುತ್ತದೆ. ಬಿಸಿಲಿಗೆ ಹೋದರೆ ಹೆಚ್ಚುತ್ತದೆ. ಹೂವಿನ ಪರಾಗದಿಂದ ಸೀನು, ನೆಗಡಿ, ಕೆಲವರಿಗೆ ಉಬ್ಬಸವೂ ಬರುತ್ತದೆ.

"ಇಪ್ಪತ್ತು ವರ್ಷದಿಂದ ಬರಿಗೈಯಲ್ಲೇ ಕೀಳ್ತಿದ್ದೀನಿ, ನನಗೇನೂ ಆಗಿಲ್ಲ" ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಇದನ್ನೇ ನಂಬಿ ಮೋಸಹೋಗಬೇಡಿ. ಇದು ಅಲರ್ಜಿ. ಮೊದಲ ದಿನವೇ ಬರಬೇಕೆಂದಿಲ್ಲ. ಮತ್ತೆ ಮತ್ತೆ ಸೋಕಿ, ವರ್ಷಗಳ ನಂತರ ಒಂದು ದಿನ ಶುರುವಾಗಬಹುದು. ಒಮ್ಮೆ ಶುರುವಾದರೆ ಆಮೇಲೆ ಸ್ವಲ್ಪ ಸೋಕಿದರೂ ತುರಿಕೆ ಏಳುತ್ತದೆ.

ಇನ್ನೊಂದು ಮಾತು. ನಸುಗುನ್ನಿ ಕಾಯಿ ತಗುಲಿದರೆ ಆ ಕ್ಷಣವೇ ತುರಿಸುತ್ತದೆ, ಕಾರಣ ಗೊತ್ತಾಗುತ್ತದೆ. ಪಾರ್ಥೇನಿಯಂ ಹಾಗಲ್ಲ. ಇಂದು ಕಿತ್ತರೆ ತುರಿಕೆ ನಾಳೆಯೋ ನಾಡಿದ್ದೋ ಬರುತ್ತದೆ. ಅಷ್ಟರಲ್ಲಿ ಗಿಡ ಮರೆತು, ತಿಂದ ಬದನೆಕಾಯಿಯನ್ನೋ ಹೊಸ ಸಾಬೂನನ್ನೋ ದೂರುತ್ತೇವೆ.

ಮಲೆನಾಡು, ಕರಾವಳಿಯಲ್ಲಿ ಕೊಟ್ಟಿಗೆಗೆ ಸೊಪ್ಪು ತರುವವರು ಕಾಡುಗೇರಿನ ಬಗ್ಗೆಯೂ ಎಚ್ಚರವಿರಲಿ. ಅದರ ಸೊನೆ ತಗುಲಿದರೆ ಬೊಕ್ಕೆ ಏಳುತ್ತದೆ. ಸೊನೆ ಮೆತ್ತಿದ ಕತ್ತಿ, ಬಟ್ಟೆಯಿಂದಲೂ ತುರಿಕೆ ಹರಡುತ್ತದೆ.

ರಾಸಿಗೆ ಏನಾಗುತ್ತದೆ?

ಕಹಿ ಮತ್ತು ವಾಸನೆಯಿಂದಾಗಿ ರಾಸುಗಳು ತಾವಾಗಿ ಈ ಗಿಡವನ್ನು ಬಿಟ್ಟು ಮೇಯುತ್ತವೆ. ಆದರೆ ಮೇವಿನ ಕೊರತೆ ಇದ್ದಾಗ, ಇಲ್ಲವೇ ನಾವೇ ಹುಲ್ಲಿನ ಜೊತೆ ಕತ್ತರಿಸಿ ಗೋದಲಿಗೆ ಹಾಕಿದಾಗ ತಿನ್ನುತ್ತವೆ. ಚಾಫ್ ಕಟರ್‌ನಲ್ಲಿ ತುಂಡಾದ ಮೇಲಂತೂ ಆರಿಸಿ ಬಿಡಲು ಅದಕ್ಕೆ ಸಾಧ್ಯವಿಲ್ಲ. ಹೀಗೆ ತಿಂದ ರಾಸಿಗೆ ಬಾಯಿ ಹುಣ್ಣು, ಭೇದಿ, ಚರ್ಮದ ಉರಿಯೂತ, ಕೂದಲು ಉದುರುವುದು ಕಾಣಬಹುದು. ಹೆಚ್ಚು ತಿಂದರೆ ಸಾವೂ ಬರಬಹುದು. ಗಿಡದ ನಡುವೆ ಓಡಾಡುವ ಹಸುವಿನ ಮೂತಿ ಮತ್ತು ಕೆಚ್ಚಲಿನ ಚರ್ಮ ಕೆಂಪಾಗುವುದುಂಟು.

ಇದನ್ನು ತಿಂದ ಹಸುವಿನ ಹಾಲು ಕಹಿಯಾಗುತ್ತದೆ. ಫ್ಯಾಟ್ ಪರೀಕ್ಷೆಯಲ್ಲಿ ಕಹಿ ತಿಳಿಯುವುದಿಲ್ಲ. ಗಮನಕ್ಕೆ ಬಾರದೆ ಸಂಘದಲ್ಲಿ ಸುರಿದರೆ 40 ಲೀಟರ್ ಕ್ಯಾನಿನಲ್ಲಿ ನೆರೆಮನೆಯವರ ಒಳ್ಳೆಯ ಹಾಲೂ ಕೆಡುತ್ತದೆ. ಹಾಲು ಕಹಿ ಅನಿಸಿದರೆ ಮುಚ್ಚಿಡದೆ ಕಾರ್ಯದರ್ಶಿಗೆ ತಿಳಿಸಿ, ಅಂದಿನ ಮೇವನ್ನು ಬಿಚ್ಚಿ ನೋಡಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೀಳುವ ಕ್ರಮ

• ಹೂ ಬಿಡುವ ಮುನ್ನ, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಬೇರುಸಹಿತ ಕೀಳಿ. ಬರೀ ಕೊಯ್ದರೆ ಮತ್ತೆ ಚಿಗುರುತ್ತದೆ.
• ತುಂಬುತೋಳಿನ ಅಂಗಿ, ಕೈಗವಸು, ಮೂಗು-ಬಾಯಿಗೆ ಬಟ್ಟೆ ಇರಲಿ. ಕೈಗವಸು ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ.
• ಉಬ್ಬಸ ಅಥವಾ ಅಲರ್ಜಿ ಇರುವವರನ್ನು, ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬೇಡಿ.
• ಹೂವಾಗದ ಗಿಡವನ್ನು ಗುಂಡಿಗೆ ಹಾಕಿ ಕಾಂಪೋಸ್ಟ್ ಮಾಡಬಹುದು. ಹೂ ಬಂದದ್ದನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಬೀಜವೂ ಹೊಲಕ್ಕೆ ಹೋಗುತ್ತದೆ.
• ಬೆಳೆ ಇಲ್ಲದ ಜಾಗದಲ್ಲಿ ಲೀಟರ್ ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಬಿಸಿಲಿನ ದಿನ ಎಲೆ ನೆನೆಯುವಂತೆ ಸಿಂಪಡಿಸಿ. ಹೊಲದೊಳಗೆ ಬೇಡ, ಮಣ್ಣಿಗೆ ಉಪ್ಪು ಸೇರುತ್ತದೆ.
• ಎಲೆಯನ್ನು ತೂತು ಮಾಡಿ ತಿನ್ನುವ, ಬೆನ್ನಿನ ಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಬಿ ಕಂಡರೆ ಕೊಲ್ಲಬೇಡಿ. ಇದು ಮೆಕ್ಸಿಕೋದ ಜೀರುಂಡೆ. 1984ರಲ್ಲಿ ಬೆಂಗಳೂರಿನ ಸುತ್ತ ಈ ಕಳೆಯ ಹತೋಟಿಗೆಂದೇ ಬಿಡಲಾಯಿತು. ಮಳೆಗಾಲದಲ್ಲಿ ಇದು ನಿಮ್ಮ ಪರ ಕೆಲಸ ಮಾಡುತ್ತದೆ.

ತುರಿಕೆ ಬಂದರೆ

ಕಿತ್ತು ಬಂದ ಕೂಡಲೇ ಕೈ, ಮುಖ, ಕುತ್ತಿಗೆಯನ್ನು ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ಆಮೇಲೆಯೇ ಹಾಲು ಕರೆಯಲು ಕೂರಿ. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕೆರೆಯಬೇಡಿ, ತಣ್ಣೀರಿನ ಬಟ್ಟೆ ಇಡಿ. ಒಡೆದ ಚರ್ಮಕ್ಕೆ ಸಗಣಿ, ಸುಣ್ಣ ಬಳಿಯಬೇಡಿ. ಅಂಗಡಿಯವರು ಕೊಟ್ಟ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವುದೂ ಅಪಾಯ. ಕಣ್ಣು ಊದಿದರೆ, ಉಸಿರು ಕಟ್ಟಿದರೆ, ಗಾಯ ಕೀವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಈ ತುರಿಕೆ ಅಂಟುರೋಗವಲ್ಲ; ಬಂದವರನ್ನು ದೂರ ಇಡಬೇಕಿಲ್ಲ. ರಾಸಿನ ಚರ್ಮ ಕೆಂಪಾದರೆ, ಮೇವು ಬಿಟ್ಟರೆ ಪಶುವೈದ್ಯರಿಗೆ ತೋರಿಸಿ, ಏನು ಮೇವು ಹಾಕಿದ್ದಿರೆಂದು ತಪ್ಪದೆ ಹೇಳಿ.

ಒಬ್ಬರು ತಮ್ಮ ಬದು ಹಸನು ಮಾಡಿ, ಪಕ್ಕದವರು ಬಿಟ್ಟರೆ ಬೀಜ ಮತ್ತೆ ಹಾರಿ ಬರುತ್ತದೆ. ಆದ್ದರಿಂದ ಸಂಘದ ಮುಂದಿನ ಸಭೆಯಲ್ಲಿ ಒಂದು ದಿನ ಗೊತ್ತು ಮಾಡಿ, ಊರಿನವರೆಲ್ಲ ಸೇರಿ ಹೂವಿಗೆ ಮುನ್ನ ಕೀಳಿ. ಅಲ್ಲಿಯತನಕ, ಹುಲ್ಲಿನ ಹೊರೆಯನ್ನು ಗೋದಲಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡುವ ರೂಢಿ ಇಂದಿನಿಂದಲೇ ಶುರುವಾಗಲಿ.