ವಿದ್ಯುತ್ ಸಿಗರೇಟು: ಓಮ್, ವ್ಯಾಟ್ ಮತ್ತು ಶ್ವಾಸಕೋಶ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಕಾಲೇಜು ಮಕ್ಕಳಿಗೆ ‘ವೇಪ್’ ಎಂಬ ಶಬ್ದ ಹೊಸದಲ್ಲ. ಪೆನ್ನಿನಂತೆಯೋ ಪೆನ್ ಡ್ರೈವಿನಂತೆಯೋ ತೋರುವ ಈ ಉಪಕರಣದ ಸುರುಳಿಯ ಮೇಲೆ ‘0.8 ಓಮ್’, ‘12–16 ವ್ಯಾಟ್’ ಎಂಬಂಥ ಅಂಕಿಗಳಿರುವುದುಂಟು. ಈ ಅಂಕಿಗಳ ಅರ್ಥವೇನು, ದೇಹಕ್ಕೂ ಅವಕ್ಕೂ ಇರುವ ಸಂಬಂಧವೇನು ಎಂಬುದನ್ನು ಹಿರಿಯರೂ ಕಿರಿಯರೂ ಅರಿಯುವುದು ಅಗತ್ಯವಾಗಿದೆ.

ಉಪಕರಣದ ರಚನೆ

ಇಂದು ಬಳಕೆಯಲ್ಲಿರುವ ಮಾದರಿಯ ವಿದ್ಯುತ್ ಸಿಗರೇಟನ್ನು 2003ರಲ್ಲಿ ರೂಪಿಸಿದವನು ಚೀನಾ ದೇಶದ ಔಷಧತಜ್ಞ ಹಾನ್ ಲಿಕ್. ಇದರಲ್ಲಿ ಒಂದು ಬ್ಯಾಟರಿ, ಲೋಹದ ತಂತಿಯ ಸುರುಳಿ, ಹತ್ತಿಯ ಬತ್ತಿ ಮತ್ತು ದ್ರವ ಇರುತ್ತವೆ. ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ದ್ರವ್ಯಗಳು ಮತ್ತು ಸಾಮಾನ್ಯವಾಗಿ ನಿಕೋಟಿನ್. ಸುರುಳಿ ಕಾದಾಗ ಬತ್ತಿಯಲ್ಲಿನ ದ್ರವ ಆವಿಯಾಗಿ, ಸೂಕ್ಷ್ಮ ಹನಿಗಳ ರೂಪದಲ್ಲಿ ಶ್ವಾಸಕೋಶವನ್ನು ಸೇರುತ್ತದೆ. ಇದು ಬರಿಯ ನೀರಿನ ಹಬೆ ಎಂಬ ಮಾತು ನಿಜವಲ್ಲ.

ರೋಧ ಮತ್ತು ವ್ಯಾಟ್

ವಿದ್ಯುತ್ ಪ್ರವಾಹಕ್ಕೆ ತಂತಿ ಒಡ್ಡುವ ತಡೆಯೇ ರೋಧ. ಅದರ ಅಳತೆ ಓಮ್. ಪ್ರತಿ ಸೆಕೆಂಡಿಗೆ ವ್ಯಯವಾಗುವ ವಿದ್ಯುತ್ ಶಕ್ತಿಯ ಅಳತೆ ವ್ಯಾಟ್. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ. ಪ್ರವಾಹವನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ.

ಈ ಬ್ಯಾಟರಿಯ ಸಾಮಾನ್ಯ ಬಲ 3.7 ವೋಲ್ಟ್. ಅದಕ್ಕೆ 1.5 ಓಮಿನ ಸುರುಳಿಯನ್ನು ನೇರವಾಗಿ ಜೋಡಿಸಿದರೆ ಸುಮಾರು 2.5 ಆಂಪಿಯರ್ ಹರಿದು 9 ವ್ಯಾಟ್ ಕಾವು ಹುಟ್ಟುತ್ತದೆ. ಸುರುಳಿ 0.5 ಓಮಿನದಾದರೆ 7.4 ಆಂಪಿಯರ್, 27 ವ್ಯಾಟ್. ರೋಧ ಮೂರನೆಯ ಒಂದು ಭಾಗಕ್ಕಿಳಿದರೆ ಕಾವು ಮೂರು ಪಟ್ಟಾಗುತ್ತದೆ. ಬಕೆಟ್ಟಿನ ನೀರು ಕಾಯಿಸಲು ನಾವು ಬಳಸುವ 1000 ವ್ಯಾಟಿನ ಹೀಟರ್ ಕಾಯಿಲಿನಲ್ಲಿ 230 ವೋಲ್ಟಿಗೆ ಹರಿಯುವುದು ಸುಮಾರು 4.3 ಆಂಪಿಯರ್ ಮಾತ್ರ! ಅದಕ್ಕಿಂತ ಹೆಚ್ಚಿನ ಪ್ರವಾಹವನ್ನು ಬೆರಳುದ್ದದ ಬ್ಯಾಟರಿಯಿಂದ ಸೆಳೆಯುವಾಗ, ಬ್ಯಾಟರಿ ಅದಕ್ಕೆ ತಕ್ಕುದಲ್ಲದಿದ್ದರೆ ಅತಿಯಾಗಿ ಕಾದು ಸಿಡಿಯುವ ಅಪಾಯವಿದೆ.

ಕೆಲವು ಉಪಕರಣಗಳಲ್ಲಿ ವ್ಯಾಟನ್ನು ಬಳಸುವವನೇ ಗೊತ್ತುಪಡಿಸಬಹುದು. ಆಗ ವೋಲ್ಟನ್ನು ಉಪಕರಣವೇ ಹೊಂದಿಸಿಕೊಳ್ಳುತ್ತದೆ.

ವ್ಯಾಟ್ ಹೆಚ್ಚಿದರೆ

ವ್ಯಾಟ್ ಹೆಚ್ಚಿದಂತೆ ಪ್ರತಿ ಸೇದಿಕೆಯಲ್ಲಿ ಹೆಚ್ಚು ದ್ರವ ಆವಿಯಾಗುತ್ತದೆ. ಅದೇ ದ್ರವದಿಂದ ಹೆಚ್ಚು ನಿಕೋಟಿನ್ ಒಳಸೇರುತ್ತದೆ. ಬತ್ತಿ ದ್ರವವನ್ನು ಒದಗಿಸುವ ವೇಗಕ್ಕಿಂತ ಆವಿಯಾಗುವ ವೇಗ ಮಿಗಿಲಾದರೆ, ಎಣ್ಣೆ ತೀರಿದ ದೀಪದ ಬತ್ತಿಯಂತೆ ಹತ್ತಿ ಕರಕಲಾಗತೊಡಗುತ್ತದೆ. ಆಗ ಗ್ಲಿಸರಿನ್ ವಿಭಜನೆಗೊಂಡು ಅಕ್ರೋಲೀನ್, ಫಾರ್ಮಾಲ್ಡಿಹೈಡ್ ಮುಂತಾದುವು ಹುಟ್ಟುತ್ತವೆ. ಬಾಣಲೆಯ ಎಣ್ಣೆ ಹೊತ್ತಿದಾಗ ಕಣ್ಣು ಮೂಗು ಉರಿಸುವ ಹೊಗೆಯಲ್ಲಿರುವುದೂ ಇದೇ ಅಕ್ರೋಲೀನ್. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 3.3 ವೋಲ್ಟಿನಲ್ಲಿ ಕಾಣಿಸದಿದ್ದ ಫಾರ್ಮಾಲ್ಡಿಹೈಡ್ ಸಂಬಂಧಿ ದ್ರವ್ಯಗಳು 5 ವೋಲ್ಟಿನಲ್ಲಿ ಕಂಡುಬಂದುವು. ಅಷ್ಟು ಕಾವಿನ ಸುಟ್ಟ ರುಚಿಯನ್ನು ಯಾರೂ ಸಹಿಸಿ ಸೇದುವುದಿಲ್ಲವೆಂದು ಕೆಲವು ವಿಜ್ಞಾನಿಗಳು ಆಕ್ಷೇಪಿಸಿದರು. ಆದರೆ ಕಾವೇರಿದಂತೆ ವಿಷದ್ರವ್ಯ ಹೆಚ್ಚುವುದೆಂಬ ತತ್ತ್ವದಲ್ಲಿ ವಿವಾದವಿಲ್ಲ. ಇದಲ್ಲದೆ ಸುರುಳಿಯ ಲೋಹದ ಅಂಶಗಳೂ ಹನಿಗಳೊಂದಿಗೆ ಬೆರೆಯಬಲ್ಲವು.

ಕಡಿಮೆ ವ್ಯಾಟ್ ಕ್ಷೇಮವೇ?

ಹಾಗಾದರೆ ಹೆಚ್ಚು ಓಮ್, ಕಡಿಮೆ ವ್ಯಾಟಿನ ಉಪಕರಣ ನಿರಪಾಯಕರವೆಂದು ಭಾವಿಸುವವರಿದ್ದಾರೆ. ಇದು ತಪ್ಪು ಗ್ರಹಿಕೆ. ಸಣ್ಣ ಉಪಕರಣಗಳಲ್ಲಿ ಹಬೆ ಕಡಿಮೆಯಾದರೂ, ದ್ರವದಲ್ಲಿ ಮಿಲಿಲೀಟರಿಗೆ 50 ಮಿಲಿಗ್ರಾಂವರೆಗೆ ನಿಕೋಟಿನ್ ಇರುವುದುಂಟು. ಅದು ಗಂಟಲಿಗೆ ಉರಿ ತೋರದ ಲವಣರೂಪದಲ್ಲಿರುವುದರಿಂದ ಹೊಸಬನೂ ಸಲೀಸಾಗಿ ಸೇದಿ, ಬೇಗನೆ ದಾಸನಾಗುತ್ತಾನೆ. ಬೆಳೆಯುತ್ತಿರುವ ಮಿದುಳಿಗೆ ನಿಕೋಟಿನ್ ವಿಶೇಷವಾಗಿ ಹಾನಿಕರ. ಸುರುಳಿಯ ಅಂಕಿ ಕಾವನ್ನು ತಿಳಿಸೀತೇ ಹೊರತು ದ್ರವದಲ್ಲಿರುವುದೇನೆಂಬುದನ್ನು ತಿಳಿಸದು. 2019ರಲ್ಲಿ ಅಮೆರಿಕದಲ್ಲಿ ತಲೆದೋರಿದ ಶ್ವಾಸಕೋಶದ ತೀವ್ರ ಹಾನಿಯಿಂದ 2020ರ ಫೆಬ್ರವರಿಯ ವೇಳೆಗೆ 68 ಜನ ಮೃತಪಟ್ಟಿದ್ದರು. ಮುಖ್ಯವಾಗಿ ಗಾಂಜಾಸಾರದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದಕ್ಕೆ ಬಲವಾದ ಕಾರಣವೆಂದು ಕಂಡುಬಂದಿತು.

ನಮ್ಮ ಕರ್ತವ್ಯ

ಕರ್ನಾಟಕವು 2016ರಲ್ಲಿಯೂ ಭಾರತ ಸರ್ಕಾರವು 2019ರಲ್ಲಿಯೂ ವಿದ್ಯುತ್ ಸಿಗರೇಟಿನ ಮಾರಾಟವನ್ನು ನಿಷೇಧಿಸಿವೆ. ಆದ್ದರಿಂದ ಇಲ್ಲಿ ಗುಟ್ಟಾಗಿ ದೊರೆಯುವ ಸರಕಿನ ಚೀಟಿಯ ಮೇಲಿನ ಯಾವ ಅಂಕಿಗೂ ಹೊಣೆಗಾರರಿಲ್ಲ.

ಮಕ್ಕಳ ಬಳಿ ಈ ಉಪಕರಣ ಕಂಡರೆ ಗದರಿಕೆಯಿಂದ ಪ್ರಯೋಜನವಿಲ್ಲ. ಮೇಲಿನ ಲೆಕ್ಕವನ್ನು ಅವರೊಡನೆ ಕುಳಿತು ಮಾಡಿ ತೋರಿಸುವುದು ಲೇಸು. ಬಿಡಲು ಯತ್ನಿಸುವಾಗ ಸಿಡುಕು, ನಿದ್ರಾಭಂಗ, ಚಡಪಡಿಕೆ ಕೆಲವು ವಾರ ಕಾಡಬಹುದು. ಅದು ಹಟವಲ್ಲ, ನಿಕೋಟಿನ್ ತಪ್ಪಿದುದರ ಲಕ್ಷಣ. ಕೆಮ್ಮು, ಎದೆನೋವು, ಉಸಿರಾಟದ ತೊಂದರೆ ಇದ್ದರೆ ತಡಮಾಡದೆ ವೈದ್ಯರನ್ನು ಕಂಡು, ವೇಪ್ ಸೇದಿದ ವಿಷಯವನ್ನು ಮುಚ್ಚಿಡದೆ ತಿಳಿಸಬೇಕು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ದೂರವಾಣಿ ಸಂಖ್ಯೆ 1800 11 2356, ಕರೆಗೆ ಶುಲ್ಕವಿಲ್ಲ. ಉಸಿರಿಗೆ ಬೇಕಾದುದು ಶುದ್ಧ ಗಾಳಿಯೊಂದೇ. ಅದಕ್ಕೆ ಓಮೂ ಬೇಡ, ವ್ಯಾಟೂ ಬೇಡ.