ಗಣಕಯಂತ್ರದ ಬಸ್ಸು ಮತ್ತು ದುಭಾಷಿ ಕಾರ್ಡು

ಗಣಕಯಂತ್ರದೊಳಗೂ ಒಂದು ‘ಬಸ್ಸು’ ಉಂಟೆಂದರೆ ಕಿರಿಯ ವಿದ್ಯಾರ್ಥಿಗಳು ನಕ್ಕಾರು. ‘ಎಲ್ಲರಿಗಾಗಿ’ ಎಂಬರ್ಥವುಳ್ಳ ‘ಓಮ್ನಿಬಸ್’ ಎಂಬ ಲ್ಯಾಟಿನ್ ಪದದ ಬಾಲವೇ ಈ ಶಬ್ದ. ಪ್ರೊಸೆಸರು, ಮೆಮೊರಿ ಮೊದಲಾದ ಅಂಗಗಳು ಪರಸ್ಪರ ಸಂದೇಶ ಸಾಗಿಸಲು ಬಳಸುವ ತಂತಿಗಳ ಸಮೂಹವೇ ಗಣಕದ ಬಸ್ಸು. ಮದರ್‌ಬೋರ್ಡಿನ ಮೇಲೆ ಕಾಣುವ ಉದ್ದನೆಯ ಸೀಳುಗಂಡಿಗಳು ಅದರ ನಿಲ್ದಾಣಗಳು. ಅವಕ್ಕೆ ಸ್ಲಾಟು ಎನ್ನುವರು.

ಡಿಸ್ಕನ್ನು ಈ ತಂತಿಗಳಿಗೆ ನೇರವಾಗಿ ಕಟ್ಟಿಬಿಡಬಾರದೇಕೆ? ಇವೆರಡರ ನಡೆಯೂ ಬೇರೆ, ನುಡಿಯೂ ಬೇರೆ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಓದುವ ತಲೆ ಸರಿಯಬೇಕು. ಪ್ರೊಸೆಸರಾದರೋ ಅಷ್ಟರೊಳಗೆ ಲಕ್ಷಾಂತರ ಕೆಲಸಗಳನ್ನು ಮುಗಿಸಿರುತ್ತದೆ. ಆದುದರಿಂದ ನಡುವೆ ಒಬ್ಬ ದುಭಾಷಿ ಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳವೆಂದು ಬಾಳುವ ಕಾಸರಗೋಡಿನವರಿಗೆ ದುಭಾಷಿಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಸ್ಲಾಟಿನಲ್ಲಿ ಕೂರುವ ಕಾರ್ಡೇ ಆ ದುಭಾಷಿ.

ಅದರ ಕಾರ್ಯಕ್ರಮ ಹೀಗೆ. ‘ಡಿಸ್ಕಿನ ಇಂತಹ ಭಾಗದಿಂದ ಇಷ್ಟನ್ನು ತಂದು ಮೆಮೊರಿಯ ಇಂತಹ ಸ್ಥಳದಲ್ಲಿ ಇಡು’ ಎಂಬ ಆಜ್ಞೆಯನ್ನು ಕಾರ್ಡಿಗೆ ತಲಪಿಸಿ ಪ್ರೊಸೆಸರು ತನ್ನ ಬೇರೆ ಕೆಲಸಕ್ಕೆ ತೆರಳುತ್ತದೆ. ಕಾರ್ಡು ಡಿಸ್ಕಿಗೆ ಅದರ ನುಡಿಯಲ್ಲೇ ಕೇಳಿ, ಬಂದ ಮಾಹಿತಿಯನ್ನು ಬಸ್ಸಿನ ಮೂಲಕ ನೇರವಾಗಿ ಮೆಮೊರಿಗೆ ಇಳಿಸಿ, ಕೊನೆಗೆ ‘ಮುಗಿಯಿತು’ ಎಂದು ಗಂಟೆ ಬಾರಿಸುತ್ತದೆ. ಆ ಗಂಟೆಗೆ ಇಂಟರಪ್ಟ್ ಎಂದು ಹೆಸರು.

1981ರ ಐಬಿಎಂ ಪಿಸಿಯಲ್ಲಿ ಐದು ಸ್ಲಾಟುಗಳಿದ್ದುವು. ಫ್ಲಾಪಿಗೂ ಕಾರ್ಡು ಬೇಕಾಗಿತ್ತು. 1983ರ ಎಕ್ಸ್‌ಟಿ ಯಂತ್ರದ 10 ಮೆಗಾಬೈಟಿನ ಹಾರ್ಡ್ ಡಿಸ್ಕೂ ಕಾರ್ಡಿನ ಮೂಲಕವೇ ಸೇರುತ್ತಿತ್ತು. 1992ರಲ್ಲಿ ಬಂದ ಪಿಸಿಐ ಬಸ್ಸು ಒಮ್ಮೆಗೆ 4 ಬೈಟುಗಳಂತೆ ಸೆಕೆಂಡಿಗೆ ಸುಮಾರು 3 ಕೋಟಿ 33 ಲಕ್ಷ ಸಲ, ಅಂದರೆ 133 ಮೆಗಾಬೈಟು ಸಾಗಿಸಬಲ್ಲುದಾಗಿತ್ತು. ಆದರೆ ಅದನ್ನು ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕು. 2003ರ ಹೊತ್ತಿಗೆ 150 ಮೆಗಾಬೈಟಿನ ಸಾಟಾ ಜೋಡಣೆ ಬಂದಾಗ ಒಂದು ಡಿಸ್ಕಿನ ದಾರಿಯೇ ಇಡೀ ಬಸ್ಸಿಗಿಂತ ಅಗಲವಾಯಿತು! ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ ಪ್ರತಿ ಸ್ಲಾಟಿಗೂ ಪ್ರತ್ಯೇಕ ಓಣಿಗಳಿವೆ. ಇದನ್ನು ಬಸ್ಸೆನ್ನುವುದು ಬರಿಯ ರೂಢಿ. ಒಂದು ಓಣಿಯಲ್ಲಿ ಮೊದಲ ತಲೆಮಾರಿಗೆ ಸೆಕೆಂಡಿಗೆ 250 ಮೆಗಾಬೈಟು, ಮೂರನೆಯದಕ್ಕೆ ಸುಮಾರು 985.

ಇದರಿಂದ ಪೋಷಕರಿಗೇನು ಎನ್ನಬಹುದು. ಗಡಿನಾಡಿನ ಒಂದು ಶಾಲೆಯ ಕಚೇರಿಯ ಗಣಕವು ಒಂದು ದಿನ ತನ್ನ ಡಿಸ್ಕನ್ನೇ ಗುರುತಿಸದಾಯಿತು. ಹಲವು ವರ್ಷಗಳ ದಾಖಲಾತಿ ಪಟ್ಟಿ ಅದರಲ್ಲಿತ್ತು. ಮಗುವಿನ ಮಾತೃಭಾಷೆ ಕನ್ನಡವೆಂಬ ನಮೂದು ಇಲ್ಲಿ ಎಷ್ಟು ಮುಖ್ಯವೆಂದು ಗಡಿನಾಡಿನವರು ಬಲ್ಲರು. ಎಲ್ಲವೂ ಹೋಯಿತು, ಹೊಸತು ಕೊಳ್ಳಿರೆಂದು ಅಂಗಡಿಯವರೊಬ್ಬರು ಹೇಳಿದರು. ಪರೀಕ್ಷಿಸಲು, ಕೆಟ್ಟಿದ್ದುದು ಮದರ್‌ಬೋರ್ಡಿನ ಸಾಟಾ ಜೋಡಣೆ ಮಾತ್ರ, ಡಿಸ್ಕು ಗಟ್ಟಿಯಾಗಿತ್ತು. ಖಾಲಿ ಸ್ಲಾಟಿಗೆ ಅಲ್ಪ ಬೆಲೆಯ ಸಾಟಾ ಕಾರ್ಡೊಂದನ್ನು ಕೂರಿಸಿದೊಡನೆ ಪಟ್ಟಿಯೆಲ್ಲ ತೆರೆದುಕೊಂಡಿತು. ಅದೇ ದಿನ ಅದಕ್ಕೆ ಇನ್ನೊಂದು ಪ್ರತಿಯನ್ನೂ ಮಾಡಲಾಯಿತೆನ್ನಿ.

ಕಾರ್ಡು ಕೊಳ್ಳುವಾಗ ನಾಲ್ಕು ತೂತುಗಳಿವೆಯೆಂದು ಮರುಳಾಗಬಾರದು. ಒಂದೇ ಓಣಿಯ ಕಾರ್ಡಿಗೆ ನಾಲ್ಕು ಡಿಸ್ಕುಗಳನ್ನು ಕಟ್ಟಿದರೆ ಇರುವ ದಾರಿಯನ್ನೇ ಅವು ಹಂಚಿಕೊಳ್ಳುವುವು. ಈಚಿನ ಎನ್‌ವಿಎಂಇ ಡಿಸ್ಕುಗಳಲ್ಲಿ ದುಭಾಷಿ ಡಿಸ್ಕಿನ ಮೈಮೇಲೆಯೇ ಕುಳಿತಿದ್ದಾನೆ. ಅವಕ್ಕೆ ಬಳಸುವ ಸಾದಾ ಕಾರ್ಡು ತಂತಿಗಳ ಸೇತುವೆ ಅಷ್ಟೆ. ಹಳೆಯ ಯಂತ್ರಗಳಲ್ಲಿ ಅಂತಹ ಡಿಸ್ಕು ಓದಲು ಸಿಕ್ಕರೂ, ಯಂತ್ರವು ಅದರಿಂದ ಆರಂಭವಾಗದಿರುವುದುಂಟು. ಏಕೆಂದರೆ ಆರಂಭಕಾಲದ ಬಯೋಸಿಗೆ ಆ ಹೊಸ ನುಡಿ ತಿಳಿಯದು. ಇನ್ನು ಹಲವು ಡಿಸ್ಕುಗಳನ್ನು ಒಂದಾಗಿ ಹೆಣೆಯುವ ರೇಡ್ ಕಾರ್ಡುಗಳ ವಿಷಯ ಬೇರೆಯೇ. ಅವು ತಮ್ಮದೇ ಕ್ರಮದಲ್ಲಿ ಬರೆಯುವುದರಿಂದ, ಕಾರ್ಡು ಕೆಟ್ಟರೆ ಬೇರೆ ಜಾತಿಯ ಕಾರ್ಡು ಆ ಬರಹವನ್ನು ಓದಲಾರದೆ ಹೋಗಬಹುದು. ಅಂತಹದನ್ನು ಬಿಚ್ಚುವ ಮುನ್ನ ಕಾರ್ಡಿನ ಮಾದರಿಯನ್ನೂ ಯಾವ ತಂತಿ ಯಾವ ಡಿಸ್ಕಿನದೆಂಬುದನ್ನೂ ಕಾಗದದ ಮೇಲೆ ಬರೆದಿಡಬೇಕು.