ವಿಡಿಯೊ ಕಡತವೂ ಅದರ ಬೀಗವೂ

ಹಣ ತೆತ್ತು ತಂದ ೪ಕೆ ಬ್ಲೂ-ರೇ ಡಿಸ್ಕೊಂದು ಹಳೆಯ ಕಂಪ್ಯೂಟರಿನಲ್ಲಿ ಸರಾಗವಾಗಿ ನಡೆದು, ಅದಕ್ಕಿಂತ ಎಷ್ಟೋ ಚುರುಕಾದ ಹೊಸ ಕಂಪ್ಯೂಟರಿನಲ್ಲಿ ಚಿತ್ರವನ್ನೇ ಮೂಡಿಸದೆ ಹೋಗುವುದುಂಟು. ಇದೇಕೆ ಹೀಗೆ? ಇದನ್ನರಿಯಲು ಮೊದಲು ನಾವು ವಿಡಿಯೊ ಕಡತದ ಒಳಗನ್ನು ನೋಡಬೇಕು.

೪ಕೆ ಚಿತ್ರದಲ್ಲಿ ಅಡ್ಡಲಾಗಿ ೩೮೪೦, ಮೇಲಿಂದ ಕೆಳಕ್ಕೆ ೨೧೬೦ ಚುಕ್ಕೆಗಳು. ಒಟ್ಟು ಸುಮಾರು ೮೩ ಲಕ್ಷ. ಒಂದೊಂದು ಚುಕ್ಕೆಯ ಬಣ್ಣವನ್ನು ಬರೆದಿಡಲು ೩ ಬೈಟುಗಳು ಬೇಕೆಂದಿಟ್ಟುಕೊಳ್ಳೋಣ. ಸೆಕೆಂಡಿಗೆ ೨೪ ಚಿತ್ರಗಳಂತೆ ಎರಡು ಗಂಟೆಗಳ ಚಲನಚಿತ್ರಕ್ಕೆ ಲೆಕ್ಕಹಾಕಿದರೆ ಸುಮಾರು ೪,೩೦೦ ಗಿಗಾಬೈಟುಗಳಾಗುತ್ತವೆ. ಡಿಸ್ಕಿನಲ್ಲಿ ಹಿಡಿಯುವುದಾದರೋ ಹೆಚ್ಚೆಂದರೆ ೧೦೦! ಆದುದರಿಂದ ಸಂಕೋಚನವು ಅನಿವಾರ್ಯ. ಮಾತನಾಡುವವನ ತುಟಿ ಅಲುಗುತ್ತದೆ, ಹಿಂದಿನ ಗೋಡೆ ಅಲುಗುವುದಿಲ್ಲವಷ್ಟೆ. ಗೋಡೆಯನ್ನು ಮತ್ತೆ ಮತ್ತೆ ಬರೆಯುವುದೇಕೆ? ಆಗಾಗ ಒಂದು ಪೂರ್ಣಚಿತ್ರವನ್ನಿಟ್ಟು, ನಡುವಣ ಚಿತ್ರಗಳಿಗೆ ವ್ಯತ್ಯಾಸವನ್ನು ಮಾತ್ರ ಬರೆದರೆ ಸಾಕು. ೨೦೧೩ರಲ್ಲಿ ಬಂದ ಎಚ್.೨೬೫ ಎಂಬ ಕ್ರಮದ ಮುಖ್ಯ ತಂತ್ರಗಳಲ್ಲಿ ಇದೊಂದು. ಚಿತ್ರವು ತಡೆತಡೆದು ಸಾಗಿದರೆ, ಈ ಗಂಟನ್ನು ಬಿಚ್ಚುವ ಕೆಲಸವು ಯಂತ್ರದ ಶಕ್ತಿಯನ್ನು ಮೀರಿರಬಹುದು. ಮುಖಗಳು ಚೌಕಚೌಕವಾಗಿ ಒಡೆದು ಕಂಡರೆ ನಡುವೆ ಒಂದಿಷ್ಟು ಮಾಹಿತಿ ಕಳೆದುಹೋಗಿರುತ್ತದೆ. ಮುಂದಿನ ಪೂರ್ಣಚಿತ್ರ ಬಂದೊಡನೆ ಅದು ತಾನಾಗಿಯೇ ಸರಿಹೋಗುತ್ತದೆ.

ಬೀಗದ ಮಾತು ಬೇರೆ. ಗುಟ್ಟಿನ ಪತ್ರ ಬರೆಯುವವನು ದಾರಿಯಲ್ಲಿ ಅದನ್ನು ಒಡೆದು ನೋಡುವ ಮೂರನೆಯವನಿಗೆ ಅಂಜುತ್ತಾನೆ. ಪತ್ರ ಪಡೆಯುವ ಗೆಳೆಯನಿಗೆ ಸಂಕೇತದ ಕೀಲಿಯನ್ನು ನಂಬಿ ಕೊಡುತ್ತಾನೆ. ಡಿಸ್ಕಿನ ವಿಷಯದಲ್ಲಿ ಪಡೆಯುವವನೂ ಸಂಶಯಕ್ಕೆ ಗುರಿಯಾದವನೂ ಒಬ್ಬನೇ, ಕೊಂಡ ಗಿರಾಕಿ! ಅವನು ಚಿತ್ರವನ್ನು ನೋಡಬೇಕಾದರೆ ಕೀಲಿಯು ಅವನ ಯಂತ್ರದೊಳಗೇ ಇರಬೇಕು. ಆದರೆ ಅವನ ಕೈಗೆ ಸಿಕ್ಕಬಾರದು. ಇಂಥ ವಿಚಿತ್ರ ಬೇಡಿಕೆಯಿರುವಾಗ ಡಿವಿಡಿಯ ೪೦ ಬಿಟ್‌ಗಳ ಬೀಗವು ೧೯೯೯ರಲ್ಲಿಯೂ, ೧೨೮ ಬಿಟ್‌ಗಳ ಬ್ಲೂ-ರೇ ಬೀಗದ ಕೆಲವು ಕೀಲಿಗಳು ೨೦೦೭ರಲ್ಲಿಯೂ ಬಯಲಾದುದರಲ್ಲಿ ಆಶ್ಚರ್ಯವೇನಿಲ್ಲ.

೨೦೧೬ರಲ್ಲಿ ೪ಕೆ ಡಿಸ್ಕುಗಳು ಬಂದಾಗ ಬಿಗಿ ಹೆಚ್ಚಿತು. ಕಂಪ್ಯೂಟರಿನಲ್ಲಿ ಅವನ್ನು ನೋಡಲು ಬಂದ ಅಧಿಕೃತ ತಂತ್ರಾಂಶವು ಇಂಟೆಲ್ ಸಂಸ್ಕಾರಕದ ಎಸ್‌ಜಿಎಕ್ಸ್ ಎಂಬ ಗುಪ್ತಕೋಣೆಯನ್ನು ಬೇಡಿತು. ಯಂತ್ರದ ಒಡೆಯನೂ ಇಣಿಕಿ ನೋಡಲಾಗದ ಈ ಕೋಣೆಯೊಳಗೆ ಕೀಲಿಯ ವ್ಯವಹಾರವು ನಡೆಯಬೇಕಾಗಿತ್ತು. ೨೦೨೧ರಲ್ಲಿ ಹೊರಬಂದ ೧೧ನೆಯ ಪೀಳಿಗೆಯ ಡೆಸ್ಕ್‌ಟಾಪ್ ಸಂಸ್ಕಾರಕಗಳಲ್ಲಿ ಇಂಟೆಲ್ ಆ ಕೋಣೆಯನ್ನೇ ಕೈಬಿಟ್ಟಿತು. ನಾವು ಮೊದಲು ಹೇಳಿದ ಒಗಟಿಗೆ ಇದೇ ಉತ್ತರ. ನಿರ್ಮಾಪಕರು ತಮ್ಮ ದುಡಿಮೆಯನ್ನು ಕಾಯ್ದುಕೊಳ್ಳುವುದು ನ್ಯಾಯವೇ ಸರಿ. ಆದರೆ ಇಲ್ಲಿ ಕಷ್ಟಕ್ಕೆ ಸಿಕ್ಕಿದವನು ಹಣ ಕೊಟ್ಟವನು. ಕಳ್ಳಪ್ರತಿಯನ್ನು ನೋಡುವವನಿಗೆ ಬೀಗದ ಗೊಡವೆಯೇ ಇಲ್ಲ.

ತಂತಿಯಲ್ಲಿಯೂ ಕಾವಲುಂಟು. ಎಚ್‌ಡಿಸಿಪಿ ಎಂಬ ಏರ್ಪಾಡಿನಂತೆ ಯಂತ್ರವು ಪರದೆಯ ಗುರುತನ್ನು ವಿಚಾರಿಸುತ್ತದೆ. ತಕ್ಕ ಉತ್ತರ ಬಾರದಿದ್ದರೆ ಪರದೆಯು ಕಪ್ಪಾಗಿಯೇ ಉಳಿಯಬಹುದು. ದೋಷವೆಲ್ಲಿದೆಯೆಂದು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ಫೋನಿನಲ್ಲಿ ನಾವೇ ತೆಗೆದ ೪ಕೆ ವಿಡಿಯೊಗೆ ಬೀಗವಿರುವುದಿಲ್ಲ. ಅದು ಎಚ್.೨೬೫ ಕ್ರಮದಲ್ಲಿದ್ದು ಅದೇ ಯಂತ್ರದಲ್ಲಿ ಸರಾಗವಾಗಿ ನಡೆದರೆ, ಗಂಟು ಬಿಚ್ಚುವ ಬಲ ಯಂತ್ರಕ್ಕುಂಟೆಂದೂ ಕೊರತೆಯಿರುವುದು ಕೀಲಿಯಲ್ಲೆಂದೂ ಊಹಿಸಬಹುದು.